ಸದ್ದು ಮಾಡುವ ತಪ್ಪು, ಸದ್ದಿಲ್ಲದ ತಪ್ಪು

ರಾಣೆಬೆನ್ನೂರಿನಲ್ಲಿರುವ ನನ್ನ ಸೋದರಳಿಯನಿಗೆ 23 ವರ್ಷ. ಡಿಪ್ಲೊಮಾ ಮುಗಿಸಿ, ಟ್ರ್ಯಾಕ್ಟರ್ ಟ್ರೇಲರ್ ತಯಾರಿಸುವ ಶೆಡ್ಡೊಂದರಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಮೂರು ಕೈ ದಾಟಿ ಬಂದ ಹಳೆಯ ಸ್ವಿಫ್ಟ್ ಕಾರೊಂದನ್ನು ಕೊಂಡು, ಎರಡು ವರ್ಷಗಳಿಂದ ಸಂಬಳದ ಬಹುಪಾಲನ್ನು ಅದಕ್ಕೇ ಸುರಿದಿದ್ದಾನೆ. ಕಾರು ಈಗ ನೆಲಕ್ಕೆ ನಾಲ್ಕು ಬೆರಳು ಹತ್ತಿರವಾಗಿದೆ. ಚಕ್ರಗಳು ಅಗಲವಾಗಿವೆ. ಗಾಜುಗಳಿಗೆ ಕಪ್ಪು ಹಾಳೆ ಬಂದಿದೆ. ಮೂಲ ಸೈಲೆನ್ಸರ್ ಅಟ್ಟ ಸೇರಿ, ಅದರ ಜಾಗದಲ್ಲಿ ಅವನೇ ಬೆಸೆದ ಉಕ್ಕಿನ ಕೊಳವೆಯೊಂದು ಕುಳಿತಿದೆ. ಮುಂಜಾನೆ ಅವನು ಕಾರು ಚಾಲೂ ಮಾಡಿದರೆ ನಮ್ಮ ಓಣಿಗೆ ಅಲಾರಂ ಗಡಿಯಾರ ಬೇಕಾಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅವನು ಮೂವರು ಗೆಳೆಯರೊಂದಿಗೆ ಘಟ್ಟ ಇಳಿದು ಕಡಲು ನೋಡಲು ಹೋದ. ಅದು ಕರಾವಳಿಯ ನಗರವೊಂದಕ್ಕೆ ಅಂಟಿಕೊಂಡಿರುವ ಸಮುದ್ರತೀರದ ಬಡಾವಣೆ. ಹೆಸರು ಬೇಡ. ವಾರಾಂತ್ಯದಲ್ಲಿ ಅಲ್ಲಿ ಪ್ರವಾಸಿಗರಷ್ಟೇ ಪೊಲೀಸರೂ ಕಾಣುತ್ತಾರೆ; ಕುಡಿದು ನೀರಿಗಿಳಿಯುವವರು, ಮರಳಿನ ಮೇಲೆ ಕಾರು ಓಡಿಸುವವರು ಇರುವಾಗ ಅದು ತಪ್ಪೂ ಅಲ್ಲ. ಐದಾರು ಕಿಲೋಮೀಟರ್ ಅಂತರದಲ್ಲಿ ಅವನ ಕಾರನ್ನು ನಾಲ್ಕು ಕಡೆ ನಿಲ್ಲಿಸಿದರು. ಮೊದಲನೆಯ ಕಡೆ ದಂಡ ಹಾಕಿ ರಸೀದಿ ಕೊಟ್ಟರು. ಎರಡನೆಯ ಕಡೆ ಆ ರಸೀದಿ ತೋರಿಸಿದಾಗ ಬೈದು ಬಿಟ್ಟರು. ಮೂರನೆಯ ಕಡೆ ಕೈ ಒಳಗೆ ಹಾಕಿ ಕೀಲಿ ಕಿತ್ತುಕೊಂಡು, ನಾಲ್ವರನ್ನೂ ಒಂದು ತಾಸು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಹೋಗಿಬರುವ ಪ್ರವಾಸಿಗರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ನಾಲ್ಕನೆಯ ಕಡೆ ಏನಾಯಿತೆಂದು ಅವನು ಇವತ್ತಿನವರೆಗೆ ನನಗೆ ಹೇಳಿಲ್ಲ. ಕಡಲು ನೋಡದೆಯೇ ಹಿಂತಿರುಗಿದರು.

ಬಂದ ರಾತ್ರಿ ಊಟದ ಹೊತ್ತಿಗೆ ಅವನು ಹೇಳಿದ ಮಾತು ಈ ಲೇಖನಕ್ಕೆ ಕಾರಣ. ‘ಮಾಮಾ, ನನ್ನ ಗಾಡಿ ತಪ್ಪು ಅಂತ ಒಪ್ಪತೀನಿ. ಆದರ ಹೋಗೂ ಹಾದಿಯೊಳಗ ಕಾಯಿಪಲ್ಲೆ ಲಾರಿ ಮ್ಯಾಲೆ ಮಂದಿ ಕುಂತು ಹೊಂಟಿದ್ದರು. ಘಟ್ಟದಾಗ. ಅವರನ್ನ ಯಾರೂ ಕೇಳಲಿಲ್ಲ.’

ಅವನ ತಪ್ಪನ್ನು ಮೊದಲು ಮುಗಿಸೋಣ. ಅದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಸ್ಪಷ್ಟವಾಗಿದೆ: ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲೀಕ ಮಾರ್ಪಡಿಸುವಂತಿಲ್ಲ. ವಾಹನದ ರಚನೆಯನ್ನು ಬದಲಿಸಲು ಅವಕಾಶವಿದೆ ಎಂಬಂತೆ ಕೇರಳ ಹೈಕೋರ್ಟ್ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಾನದಂಡ ಮೀರಿದರೆ 190ನೆಯ ಕಲಮಿನಡಿ 10,000 ರೂಪಾಯಿವರೆಗೆ ದಂಡವಿದೆ, ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆಯೂ ಇದೆ. ಗಾಜಿನ ಕಪ್ಪು ಹಾಳೆಯ ಕುರಿತು ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿಯೇ ಕಟ್ಟುನಿಟ್ಟಾಗಿ ಹೇಳಿದೆ. ಅಂದರೆ ನನ್ನ ಅಳಿಯನ ಕಾರು ಚಕ್ರದಿಂದ ಗಾಜಿನವರೆಗೆ ಚಲಿಸುವ ಅಪರಾಧಪಟ್ಟಿ.

ಸದ್ದಿನ ವಿಷಯದಲ್ಲಂತೂ ನನಗೆ ಅವನ ಮೇಲೆ ಕರುಣೆಯಿಲ್ಲ. ದೊಡ್ಡ ಎಂಜಿನ್ನಿನ ಬೈಕಿಗೆ ಕಾರ್ಖಾನೆಯಿಂದ ಹೊರಬರುವಾಗ ಇರುವ ಮಿತಿ 80 ಡೆಸಿಬಲ್, ಪ್ರಯಾಣಿಕ ಕಾರಿಗೆ 74. ಹತ್ತು ಡೆಸಿಬಲ್ ಹೆಚ್ಚಾದರೆ ಕಿವಿಗೆ ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಆವರಣವನ್ನು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯವೆಂದು ಕರೆಯುತ್ತವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್, ರಾತ್ರಿಯದು 40. ಹಾವೇರಿಯ ಹೊಸಮನಿ ಸಿದ್ದಪ್ಪ ವೃತ್ತದಲ್ಲಿ ಸಂಜೆ ಅರ್ಧ ತಾಸು ನಿಂತರೆ ಈ ಅಂಕಿಗಳೆಲ್ಲ ಬೇರೆ ಯಾವುದೋ ಗ್ರಹದವು ಎನಿಸುತ್ತದೆ. ಪಟಾಕಿಯಂತೆ ಸಿಡಿಯುವ ಬುಲೆಟ್ ಬೈಕುಗಳು, ಮುಂಭಾಗದಲ್ಲಿ ಎರಡಾಳಿನಷ್ಟು ಎತ್ತರದ ಧ್ವನಿವರ್ಧಕ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಲವು ಸ್ವರದ ಹಾರ್ನು ಊದುವ ಲಾರಿಗಳು. ಮನೆಯಲ್ಲಿ ಹೃದ್ರೋಗಿ ಅಥವಾ ಎಳೆಗೂಸು ಇರುವವರು ಈ ತಮಾಷೆಯನ್ನು ಕಲೆಯೆಂದು ಒಪ್ಪಲಾರರು.

ಹಾಗಿದ್ದೂ ಈ ಹುಡುಗರನ್ನು ಕೇವಲ ಪುಂಡರೆಂದು ಬದಿಗೆ ಸರಿಸುವುದು ನಮ್ಮ ಸೀಮೆಯನ್ನು ತಿಳಿಯದವರ ಮಾತು. ಹಾವೇರಿ ಜಿಲ್ಲೆಯಲ್ಲಿ ಗಾಡಿಯನ್ನು ಇದ್ದದ್ದು ಇದ್ದಂತೆ ಓಡಿಸುವ ರೂಢಿ ಯಾವ ಕಾಲಕ್ಕೂ ಇರಲಿಲ್ಲ. ನನ್ನ ಅಜ್ಜ ಕೊಲ್ಲಾರಿ ಬಂಡಿಗೆ ಹಿತ್ತಾಳೆಯ ಪಟ್ಟಿ ಹೊಡೆಸಿ, ಎತ್ತಿನ ಕೊರಳಿಗೆ ಗೆಜ್ಜೆಸರ ಕಟ್ಟಿ ಜಾತ್ರೆಗೆ ಹೊರಟರೆ, ಬಂಡಿ ಯಾರದೆಂದು ಸದ್ದಿನಿಂದಲೇ ಊರು ಗುರುತಿಸುತ್ತಿತ್ತಂತೆ. ಇಂದಿಗೂ ಹೋರಿಹಬ್ಬಕ್ಕೆ ಇಲ್ಲಿನ ಮನೆಗಳು ಒಂದು ಹೋರಿಯ ಮೇಲೆ ಮಾಡುವ ಸಿಂಗಾರ, ಖರ್ಚು, ಅದಕ್ಕಿಡುವ ಹೆಸರು, ಅದರ ಹೆಸರಿನಲ್ಲಿ ಹಾರುವ ಬಾವುಟ ನೋಡಿದವರಿಗೆ ನನ್ನ ಅಳಿಯನ ಕಾರು ಅಷ್ಟೇನೂ ವಿಚಿತ್ರವಾಗಿ ಕಾಣಲಾರದು. ಹೋರಿ ಕಟ್ಟಲು ಹೊಲವಿಲ್ಲದ, ಹಗ್ಗ ಹಿಡಿಯಲು ಪುರುಸೊತ್ತಿಲ್ಲದ ತಲೆಮಾರು ಕಬ್ಬಿಣದ ಹೋರಿಯನ್ನು ಕಟ್ಟಿಕೊಂಡಿದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ರಾಣೆಬೆನ್ನೂರಿನ ಹಳೆಯ ಪುಣೆ–ಬೆಂಗಳೂರು ರಸ್ತೆಯ ಇಕ್ಕೆಲದ ಶೆಡ್ಡುಗಳಲ್ಲಿ ಟ್ರೇಲರ್, ಕೂರಿಗೆ, ಒಕ್ಕಣೆ ಯಂತ್ರಗಳನ್ನು ಬೆಸೆಯುವ ಹುಡುಗರ ಕೈಗೆ ಸುಲಭವಾಗಿ ಬರುವ ವಿದ್ಯೆ ಇದು. ಆ ವಿದ್ಯೆಗೆ ಕಾನೂನುಬದ್ಧವಾದ ದಾರಿ ತೆರೆದೇ ಇಲ್ಲವೆಂದಲ್ಲ. ಅಂಗವಿಕಲರಿಗಾಗಿ ಹೊಂದಿಸಿದ ವಾಹನವನ್ನು 2019ರ ತಿದ್ದುಪಡಿ ಪ್ರತ್ಯೇಕವಾಗಿ ಗುರುತಿಸಿದೆ. ಸ್ಕೂಟರಿಗೆ ಎರಡು ಪಕ್ಕಚಕ್ರ ಜೋಡಿಸುವ ಕೆಲಸವನ್ನು ಇವರಷ್ಟು ಚೆನ್ನಾಗಿ ಮಾಡುವವರು ಕಡಿಮೆ. ಆದರೆ ಅದರ ಕಾಗದಪತ್ರಕ್ಕೆ ಕಚೇರಿ ಸುತ್ತುವುದಕ್ಕಿಂತ ಸೈಲೆನ್ಸರ್ ಕೊರೆಯುವುದು ಸುಲಭ.

ಈಗ ಆ ತರಕಾರಿ ಲಾರಿಗೆ ಬರುತ್ತೇನೆ.

2025ರ ಜನವರಿ 22ರ ನಸುಕಿನಲ್ಲಿ ನಮ್ಮ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು–ತರಕಾರಿ ಹೊತ್ತು ಹೊರಟಿದ್ದ ಲಾರಿ, ಯಲ್ಲಾಪುರ ತಾಲ್ಲೂಕಿನ ಘಟ್ಟದ ರಸ್ತೆಯಲ್ಲಿ ಪಕ್ಕದ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು. ಎಲ್ಲರೂ ತಮ್ಮ ಸರಕಿನ ಜೊತೆಗೇ, ಸರಕಿನ ಮೇಲೆಯೇ ಕುಳಿತು ಹೊರಟಿದ್ದ ಬಡ ವ್ಯಾಪಾರಿಗಳು. ಪ್ರಧಾನಿಯಿಂದ ಹಿಡಿದು ಎಲ್ಲರೂ ಸಂತಾಪ ಸೂಚಿಸಿದರು, ಪರಿಹಾರ ಘೋಷಣೆಯಾಯಿತು. ಆ ನಂತರವೂ ಘಟ್ಟದ ಹಾದಿಯಲ್ಲಿ ಲಾರಿಯ ಮೇಲೆ ಜನ ಕುಳಿತು ಹೋಗುವುದನ್ನು ನನ್ನ ಅಳಿಯ ಕಣ್ಣಾರೆ ಕಂಡು ಬಂದಿದ್ದಾನೆ. ಲಾರಿಯ ಮೇಲೆ ಕುಳಿತ ಮನುಷ್ಯನನ್ನು ಗುರುತಿಸಲು ಡೆಸಿಬಲ್ ಮಾಪಕ ಬೇಕಿಲ್ಲ, ಗಾಜಿನ ಪಾರದರ್ಶಕತೆ ಅಳೆಯುವ ಯಂತ್ರ ಬೇಕಿಲ್ಲ. ಅವನು ಅಲ್ಲಿಯೇ, ಎಲ್ಲರಿಗಿಂತ ಎತ್ತರದಲ್ಲಿ, ಕುಳಿತಿರುತ್ತಾನೆ.

ಸರಕು ವಾಹನವನ್ನು ಜನ ಸಾಗಿಸುವ ವಾಹನವಾಗಿಸುವುದಕ್ಕಿಂತ ದೊಡ್ಡ ಮಾರ್ಪಾಡು ಯಾವುದಿದೆ? ಅದಕ್ಕೆ ವೆಲ್ಡಿಂಗ್ ಬೇಕಾಗುವುದಿಲ್ಲ, ಅಷ್ಟೇ. ಒಂದು ಹಲಗೆ ಸಾಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ, ಬ್ಯಾಡಗಿ ತಾಲ್ಲೂಕಿನ ಯಾವುದೇ ಹಳ್ಳಿಯ ಅಗಸಿಯಲ್ಲಿ ಮುಂಜಾನೆ ಆರಕ್ಕೆ ನಿಂತು ನೋಡಿ. ಸಣ್ಣ ಸರಕು ಆಟೊಗಳ ಹಿಂಭಾಗದಲ್ಲಿ ಅಡ್ಡ ಹಲಗೆ ಹಾಕಿ, ಅಥವಾ ಹಲಗೆಯೂ ಇಲ್ಲದೆ, ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ನಿಂತಿರುತ್ತಾರೆ. ಹಿಂದಿನ ಬಾಗಿಲು ಅಡ್ಡ ತೆರೆದು ಸರಪಳಿಗೆ ತೂಗಿರುತ್ತದೆ. ಅದರ ಮೇಲೆ ಇಬ್ಬರು ಹುಡುಗಿಯರು ಕಾಲು ಇಳಿಬಿಟ್ಟು ಕೂತಿರುತ್ತಾರೆ. ಈ ವಾಹನ ಸದ್ದು ಮಾಡುವುದಿಲ್ಲ. ಗಾಜಿಗೆ ಕಪ್ಪು ಹಾಳೆಯಿಲ್ಲ. ನೋಂದಣಿ ಪತ್ರದಲ್ಲಿರುವ ಪ್ರತಿಯೊಂದು ಅಕ್ಷರಕ್ಕೂ ಅದು ಪ್ರಾಮಾಣಿಕವಾಗಿದೆ, ಅದರಲ್ಲಿರುವ ಸರಕೊಂದನ್ನು ಬಿಟ್ಟು.

ಇಲ್ಲಿ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನನಗೂ ಬ್ಯಾಡಗಿ ತಾಲ್ಲೂಕಿನಲ್ಲಿ ನಾಲ್ಕೆಕರೆ ಹೊಲವಿದೆ. ಮೆಣಸಿನಕಾಯಿ ಬಿಡಿಸಲು ಆಳು ಬರುವುದು ಎರಡೂರಾಚೆಯಿಂದ. ಅವರನ್ನು ಕರೆತರುವ ಸರಕು ಆಟೊದ ಬಾಡಿಗೆಯನ್ನು ಆರೇಳು ವರ್ಷಗಳಿಂದ ಕೊಡುತ್ತಿರುವವನು ನಾನೇ. ಅಳಿಯನ ಸೈಲೆನ್ಸರಿನ ಬಗ್ಗೆ ಅವನ ತಾಯಿಯೊಡನೆ ಹತ್ತು ಸಲ ಜಗಳವಾಡಿದ್ದೇನೆ. ನನ್ನ ಹೊಲಕ್ಕೆ ಬರುವ ಆಟೊದಲ್ಲಿ ಎಷ್ಟು ಜನ ಇದ್ದಾರೆಂದು ಒಮ್ಮೆಯೂ ಎಣಿಸಿರಲಿಲ್ಲ.

ಆ ಆಟೊ ಉರುಳಿದರೆ ಏನಾಗುತ್ತದೆಂಬುದು ನನ್ನಂಥ ಎಷ್ಟು ಹೊಲದೊಡೆಯರಿಗೆ ಗೊತ್ತಿದೆಯೋ. 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರಿಗೆ ಪರಿಹಾರ ಕೊಡಬೇಕಾದ ಹೊಣೆ ವಿಮಾ ಕಂಪನಿಯದಲ್ಲ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಅವನಿಗೆ ರಕ್ಷಣೆಯುಂಟು. ಬುತ್ತಿಗಂಟು ಹಿಡಿದ ಹೆಣ್ಣುಮಗಳು ಸರಕಿನ ಒಡತಿಯಲ್ಲ. ಆಕೆಯ ಕೈಯಲ್ಲಿ ಸರಕೇ ಇಲ್ಲ, ಸಂಜೆ ಸಿಗುವ ಕೂಲಿಯ ಹೊರತು. ಆಟೊ ಮಾಲೀಕನೋ ಸಾಲದ ಕಂತು ಕಟ್ಟುತ್ತಿರುವವನು. ನ್ಯಾಯಾಲಯ ಅವನಿಂದ ಪರಿಹಾರ ಕೊಡಿಸಲು ಹೊರಟರೆ ಜಪ್ತಿ ಮಾಡಲು ಅದೇ ಉರುಳಿದ ಆಟೊ ಬಿಟ್ಟು ಬೇರೇನೂ ಇರುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಕತೆಯೂ ಇದಕ್ಕಿಂತ ಭಿನ್ನವಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಅಪ್ಪಳಿಸಿ 13 ಜನ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು. ಆ ಬೆಳಗಿನ ಚಿತ್ರಗಳನ್ನು ನೋಡಿದವರು ಇನ್ನೂ ಮರೆತಿಲ್ಲ. ಅಲ್ಲಿ ಯಾರ ಸೈಲೆನ್ಸರೂ ಬದಲಾಗಿರಲಿಲ್ಲ. ಹೆದ್ದಾರಿಯಲ್ಲಿ ನಿಂತ ಭಾರಿ ವಾಹನ, ನಸುಕಿನ ಮಬ್ಬು, ರಾತ್ರಿಯಿಡೀ ಓಡಿದ ಪಯಣ ಇವೇ ಸಾಕಾಗುತ್ತವೆ.

ಅದೇ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನಿಂದ ಬ್ಯಾಡಗಿಯ ಕಡೆ ತಿರುಗುವ ರಸ್ತೆ, ಮಾರುಕಟ್ಟೆಯ ದಿನಗಳಾದ ಸೋಮವಾರ ಮತ್ತು ಗುರುವಾರಗಳ ಹಿಂದಿನ ರಾತ್ರಿ ಹೇಗಿರುತ್ತದೆಂದು ಲಾರಿ ಚಾಲಕರನ್ನು ಕೇಳಬೇಕು. ಚೀಲಗಳನ್ನು ಮುಗಿಲೆತ್ತರ ಒಟ್ಟಿಕೊಂಡ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲಲ್ಲಿ ಕತ್ತಲಿನಂತೆಯೇ ಸಾಗುತ್ತವೆ. ಹಿಂಬದಿಯ ಕೆಂಪು ಪ್ರತಿಫಲಕ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಡ್ಡಾಯ. ಆದರೆ ಎಷ್ಟೋ ಟ್ರೇಲರುಗಳ ಬೆನ್ನಿಗೆ ದೇವರ ಹೆಸರಿದೆ, ಪ್ರತಿಫಲಕವಿಲ್ಲ. ಎದುರಿನಿಂದ ಬರುವ ವಾಹನದಲ್ಲಿ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ದೀಪವಿದ್ದರೆ ಮುಂದಿರುವ ಟ್ರೇಲರ್ ಕಣ್ಣಿನಿಂದ ಪೂರ್ತಿ ಅಳಿಸಿಹೋಗುತ್ತದೆ. ಈ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಒಳ್ಳೆಯದು. ಕಾರಿನ ಮುಂದಿನ ದೀಪ ಜಾಸ್ತಿಯಾದದ್ದಕ್ಕೆ ತೋರಿದ ಉತ್ಸಾಹವನ್ನು ಟ್ರೇಲರಿನ ಹಿಂದಿನ ದೀಪ ಇಲ್ಲದ್ದಕ್ಕೂ ತೋರಬಹುದಿತ್ತು. ನನ್ನ ಅಳಿಯನನ್ನು ಕೇಳಿದೆ, ನೀವು ಬೆಸೆಯುವ ಟ್ರೇಲರಿಗೆ ಪ್ರತಿಫಲಕ ಹಾಕುತ್ತೀರೋ ಇಲ್ಲವೋ ಎಂದು. ‘ಗಿರಾಕಿ ಕೇಳಿದರ ಹಾಕತೀವಿ’ ಎಂದ. ಗಿರಾಕಿ ಕೇಳುವುದು ಬಣ್ಣ, ಹೆಸರು, ಹೂವಿನ ಚಿತ್ತಾರ.

ಹಾಗಾದರೆ ಪೊಲೀಸರು ಸೈಲೆನ್ಸರನ್ನೇ ಏಕೆ ಹಿಡಿಯುತ್ತಾರೆ? ಕಾರಣ ಸರಳವಾಗಿದೆ. ಸದ್ದಿನ ಬಗ್ಗೆ ದೂರು ಬರುತ್ತದೆ. ದೂರುವವರು ನನ್ನಂಥ, ನಿಮ್ಮಂಥ, ಪತ್ರಿಕೆ ಓದುವ, ಅಧಿಕಾರಿಯ ದೂರವಾಣಿ ಸಂಖ್ಯೆ ಗೊತ್ತಿರುವ ಜನ. ಹಲಗೆಯ ಮೇಲೆ ಕುಳಿತವರು ದೂರು ಕೊಡುವುದಿಲ್ಲ. ಕೊಟ್ಟರೆ ನಾಳೆ ಕೂಲಿಯಿಲ್ಲ. ಇನ್ನೊಂದು ಕಾರಣ ಚಿತ್ರದ್ದು. ಕಿತ್ತ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ದೃಶ್ಯವನ್ನು ರಾಜ್ಯದ ಒಂದಲ್ಲ ಒಂದು ನಗರದಿಂದ ಪ್ರತಿವರ್ಷ ಪತ್ರಿಕೆಗಳಲ್ಲಿ ನೋಡುತ್ತೇವೆ. ನೋಡಲು ತೃಪ್ತಿಕರವಾದ ದೃಶ್ಯವೇ. ಆದರೆ ಮಾರುವವನ ಅಂಗಡಿಯಲ್ಲಿ ಮರುದಿನ ಅದೇ ಮಾಲು ತೂಗಾಡುತ್ತದೆ. 182ಎ ಕಲಮಿನಲ್ಲಿ ವಾಹನದ ತಯಾರಕ, ಆಮದುದಾರ, ಮಾರಾಟಗಾರರಿಗೆ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ ಬರೆದಿದೆ. ಬೇವಿನ ಮರದ ಕೆಳಗಿನ ಗ್ಯಾರೇಜನ್ನು ಅದು ಹೆಸರಿಸುವುದಿಲ್ಲ. ಹೀಗಾಗಿ ಕೊನೆಗೆ ಕೈಗೆ ಸಿಗುವವನು ರಸ್ತೆಯಲ್ಲಿರುವ ಹುಡುಗನೇ.

ಹಿಡಿಯುವ ರೀತಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನಮ್ಮ ಜಿಲ್ಲೆಗೆ ಖಾಕಿಯ ನೆನಪು ಅಷ್ಟು ಸರಳವಾದದ್ದಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ಹಾವೇರಿಯ ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಪ್ರಾಣ ಕಳೆದುಕೊಂಡರು. ಅದನ್ನು ಇಲ್ಲಿನ ರೈತರು ಪ್ರತಿವರ್ಷ ನೆನೆಯುತ್ತಾರೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಏಕಾಏಕಿ ಕುಸಿದಾಗ ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿ, ಅಗ್ನಿಶಾಮಕ ವಾಹನವೂ ಸೇರಿದಂತೆ ಹಲವು ವಾಹನಗಳಿಗೆ ಬೆಂಕಿ ಹಚ್ಚಿದರು. ಆ ದಿನ ಏಟು ತಿಂದವರು ಪೊಲೀಸರು. ಎರಡೂ ಘಟನೆಗಳಲ್ಲಿ ಜನ ಮತ್ತು ಪೊಲೀಸರ ನಡುವೆ ಮಾತು ಮುರಿದಿತ್ತು. ಆ ಮಾತು ದಿನನಿತ್ಯ ಎಲ್ಲಿ ನಡೆಯುತ್ತದೆ? ಠಾಣೆಯಲ್ಲಲ್ಲ. ಮರ್ಯಾದಸ್ಥರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲವೆಂಬ ಹೆಮ್ಮೆ ನಮ್ಮಲ್ಲಿ ಇನ್ನೂ ಇದೆ. ಹೆಚ್ಚಿನವರು ಪೊಲೀಸರೊಡನೆ ಜೀವನದಲ್ಲಿ ಮಾತಾಡುವುದು ವಾಹನ ತಪಾಸಣೆಯ ಆ ಐದು ನಿಮಿಷ ಮಾತ್ರ.

2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಯ ಬೈಕನ್ನು ತಪಾಸಣೆಗೆಂದು ತಡೆದಾಗ ಮಗು ರಸ್ತೆಗೆ ಬಿದ್ದು ಪ್ರಾಣಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬಳಿಕ ರಾಜ್ಯದ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಸೂಚನೆ ಹೊರಬಿತ್ತು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ತಪಾಸಣೆಗೆಂದು ವಾಹನ ನಿಲ್ಲಿಸಬಾರದು, ಕೀಲಿ ಕಸಿಯಬಾರದು. 2022ರಲ್ಲೂ ಆಗಿನ ಮಹಾನಿರ್ದೇಶಕರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಒಂದೇ ಆದೇಶವನ್ನು ಮೂರು ವರ್ಷದೊಳಗೆ ಎರಡನೆಯ ಸಲ ಹೇಳಬೇಕಾಗಿ ಬಂದರೆ ಮೊದಲನೆಯದು ಎಲ್ಲಿಯವರೆಗೆ ತಲುಪಿತ್ತು ಎಂಬುದು ತಿಳಿಯುತ್ತದೆ. ನನ್ನ ಅಳಿಯನ ಉಲ್ಲಂಘನೆ ಕಣ್ಣಿಗೂ ಕಿವಿಗೂ ಕಾಣುವಂಥದ್ದು. ಅವನನ್ನು ನಿಲ್ಲಿಸಿದ್ದು ಸರಿ. ಒಂದೇ ತಪ್ಪಿಗೆ ನಾಲ್ಕು ಸಲ ನಿಲ್ಲಿಸಿದ್ದು, ಕೀಲಿ ಕಿತ್ತದ್ದು, ಬಿಸಿಲಲ್ಲಿ ಪ್ರದರ್ಶನಕ್ಕಿಟ್ಟದ್ದು ಯಾವ ಕಲಮಿನಡಿಯೂ ಬರೆದಿಲ್ಲ. ದಂಡ ಕಟ್ಟಿ ಬಂದಿದ್ದರೆ ಅವನು ಕಾರನ್ನು ಸರಿಪಡಿಸುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ಬಿಸಿಲಲ್ಲಿ ನಿಂತು ಬಂದ ಮೇಲೆ ಸರಿಪಡಿಸುವುದನ್ನು ಅವನು ಸೋಲೆಂದು ಎಣಿಸತೊಡಗಿದ. ಅಲ್ಲಿಯವರೆಗೆ ಅದು ಬರೀ ಕಾರಾಗಿತ್ತು.

ಜಿಲ್ಲಾ ಮಟ್ಟದಲ್ಲಿ ಆಗಬಹುದಾದ ಕೆಲಸಗಳು ದೊಡ್ಡವೇನಲ್ಲ. ಸದ್ದಿನ ಪ್ರಕರಣವೆಂದರೆ ಸದ್ದನ್ನು ಅಳೆಯಬೇಕು. ಮಾಪಕ ತೋರಿಸುವ ಅಂಕಿಯನ್ನು ಹುಡುಗನೂ ನೋಡಿದರೆ ವಾದಕ್ಕೆ ಅವಕಾಶವಿಲ್ಲ, ಪೊಲೀಸರಿಗೂ ಬೈಯುವ ಶ್ರಮ ಉಳಿಯುತ್ತದೆ. ದಂಡದ ಜೊತೆಗೆ ಹದಿನೈದು ದಿನಗಳ ಗಡುವು ಕೊಟ್ಟು, ಮೂಲ ಸೈಲೆನ್ಸರ್ ಹಾಕಿಸಿ ತಂದು ತೋರಿಸು ಎಂದರೆ ಅರ್ಧ ಹುಡುಗರು ತಂದು ತೋರಿಸುತ್ತಾರೆ, ಏಕೆಂದರೆ ಅರ್ಧದಷ್ಟು ಮೂಲ ಸೈಲೆನ್ಸರುಗಳು ನಮ್ಮ ಮನೆಯ ಅಟ್ಟದಲ್ಲಿದ್ದಂತೆ ಅವರವರ ಅಟ್ಟದಲ್ಲಿಯೇ ಇವೆ. ಹಾವೇರಿಯಲ್ಲಿ ಕೆಎ–27, ರಾಣೆಬೆನ್ನೂರಿನಲ್ಲಿ ಕೆಎ–68 ನೋಂದಣಿ ಮಾಡುವ ಎರಡು ಸಾರಿಗೆ ಕಚೇರಿಗಳು ಒಂದೇ ಜಿಲ್ಲೆಯಲ್ಲಿವೆ. ವರ್ಷದಲ್ಲಿ ಒಂದು ವಾರ ಅವು ಎಪಿಎಂಸಿ ಪ್ರಾಂಗಣಕ್ಕೇ ಬಂದು, ಟ್ರೇಲರುಗಳಿಗೆ ಪ್ರತಿಫಲಕ ಅಂಟಿಸಿ ಕಳಿಸಿದರೆ ಸೈಲೆನ್ಸರ್ ಕಾರ್ಯಾಚರಣೆಗಿಂತ ಹೆಚ್ಚು ಜೀವ ಉಳಿದೀತು. ಶೆಡ್ಡಿನಿಂದ ಹೊರಬೀಳುವ ಹೊಸ ಟ್ರೇಲರಿಗೆ ಪ್ರತಿಫಲಕ ಇದೆಯೇ ಎಂದು ನೋಡುವುದಂತೂ ಇನ್ನೂ ಸುಲಭ. ಶೆಡ್ಡುಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಕೂಲಿಯವರ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಸರಕು ಆಟೊಗಳನ್ನು ಹಿಡಿಯಿರಿ ಎಂದು ನಾನು ಬರೆದರೆ, ನಾಳೆ ಹಿಡಿದರೆ, ನಾಡಿದ್ದು ಆ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲ, ನನ್ನ ಹೊಲದಲ್ಲಿ ಹಣ್ಣಾದ ಕಾಯಿ ಬಿಡಿಸುವವರಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಮುಂಜಾನೆ ಆರರ ಹೊತ್ತಿಗೆ ಅಗಸಿಯಿಂದ ಹೊರಟು ಹೊಲದ ದಾರಿಗೆ ಹತ್ತಿರ ಇಳಿಸುವ ಬಸ್ಸು ಇಲ್ಲದಿದ್ದರೆ ಉಚಿತ ಟಿಕೆಟಿನಿಂದ ಹೊಲ ತಲುಪಲಾಗದು. ಸುಗ್ಗಿಯ ನಾಲ್ಕು ತಿಂಗಳು, ಹಳ್ಳಿಯಿಂದ ಹಳ್ಳಿಗೆ, ಬೆಳಿಗ್ಗೆ ಒಂದು ಸಂಜೆ ಒಂದು, ಜಾತ್ರೆಗೆ ಬಿಡುವಂತೆ ವಿಶೇಷ ಬಸ್ಸುಗಳನ್ನು ವಾಯವ್ಯ ಸಾರಿಗೆಯವರು ಬಿಡಬಾರದೇಕೆ? ಮೈಲಾರದ ಕಾರಣಿಕಕ್ಕೆ, ದೇವರಗುಡ್ಡಕ್ಕೆ ಬಸ್ಸುಗಳು ಹೇಗೋ ಹೊಂದುತ್ತವೆ. ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಎಂದು ಹೆಮ್ಮೆಪಡುವ ವರ್ತಕರು, ಹೊಲದೊಡೆಯರು, ಮಾರುಕಟ್ಟೆ ಸಮಿತಿ ಸೇರಿ ಅದರ ಖರ್ಚಿನಲ್ಲಿ ಪಾಲು ಹಾಕಬಹುದು. ನಾನು ಹಾಕಲು ಸಿದ್ಧ. ಅಲ್ಲಿಯತನಕ ಆಟೊದಲ್ಲಿ ಎಷ್ಟು ಜನ ಎಂಬುದಕ್ಕಾದರೂ ಒಂದು ಮಿತಿ, ಹಿಂದಿನ ಬಾಗಿಲು ಮುಚ್ಚಬೇಕೆಂಬ ಒಂದು ಕಟ್ಟಪ್ಪಣೆ ಇರಲಿ ಎಂದರೆ ಕಾನೂನು ಬಲ್ಲವರು ನಗುತ್ತಾರೆ; ಸರಕು ವಾಹನದಲ್ಲಿ ಒಬ್ಬರೂ ಕೂರುವಂತಿಲ್ಲ, ಮಿತಿ ಎಲ್ಲಿಂದ ಎನ್ನುತ್ತಾರೆ. ಅವರ ಮಾತು ಸರಿ. ಆ ಸರಿಯಾದ ಮಾತಿನ ಕೆಳಗೇ ಇಪ್ಪತ್ತು ಜನ ಹೋಗುತ್ತಿದ್ದಾರೆ.

ಕಳೆದ ಸುಗ್ಗಿಯಲ್ಲಿ ಮೊದಲ ಸಲ ಎಣಿಸಿದೆ. ಹದಿನೇಳು ಜನ, ಒಂದು ಕೂಸು. ಎರಡು ಸರತಿ ಮಾಡು, ಹಲಗೆಯ ಬದಲು ಪ್ರಯಾಣಿಕರ ಟಂಟಂ ತಾ ಎಂದು ಆಟೊದವನಿಗೆ ಹೇಳಿದೆ. ಬಾಡಿಗೆ ಎರಡೂವರೆ ಪಟ್ಟು ಕೇಳಿದ. ಎರಡು ದಿನ ಕೊಟ್ಟೆ. ಮೊದಲ ಸರತಿಯವರು ಎರಡನೆಯ ಸರತಿಗಾಗಿ ಕಾಯುತ್ತ ಕೂತರು, ಕೆಲಸ ಒಂದು ತಾಸು ತಡವಾಯಿತು. ಮೂರನೆಯ ದಿನ ಅವರೆಲ್ಲ ಪಕ್ಕದ ಹೊಲಕ್ಕೆ ಹೋದರು. ಅಲ್ಲಿಗೆ ಹಳೆಯ ಆಟೊ, ಒಂದೇ ಸರತಿಯಲ್ಲಿ, ಆರೂವರೆಗೆಲ್ಲ ತಲುಪಿಸಿತ್ತು. ನಾಲ್ಕನೆಯ ದಿನ ನಾನೂ ಅದೇ ಆಟೊದವನಿಗೆ ಫೋನು ಮಾಡಿದೆ. ಹಿಂದಿನ ಬಾಗಿಲನ್ನಾದರೂ ಮುಚ್ಚಿಕೊಂಡು ಬಾ ಎಂದೆ. ಅಳಿಯ ಅದಕ್ಕೊಂದು ಗಟ್ಟಿಯಾದ ಅಗುಳಿ ಬೆಸೆದುಕೊಟ್ಟಿದ್ದಾನೆ. ಅದೂ ನೋಂದಣಿ ಪತ್ರದಲ್ಲಿಲ್ಲ.